ನ್ಯಾಯಮೂರ್ತಿಗಳ ನಾಲ್ಕನೆಯ ಪುಟ

ಒಂದು ದೊಡ್ಡ ಊರಿನಲ್ಲಿ ಒಬ್ಬರು ನ್ಯಾಯಮೂರ್ತಿಗಳಿದ್ದರಂತೆ. ಅವರಿಗೆ ಕೆಂಪು ಕಟ್ಟಡದಲ್ಲಿ ಎತ್ತರದ ಕುರ್ಚಿ, ಕುರ್ಚಿಯ ಹಿಂದೆ ಬಿಳಿ ಪೇಟದ ದಫೇದಾರ, ಮನೆಯಲ್ಲಿ ಒಬ್ಬಳೇ ಹೆಂಡತಿ. ರಾಜ್ಯದವರಿಗೆಲ್ಲ ನ್ಯಾಯ ಹೇಳಿದರಂತೆ. ಹೆಂಡತಿಗೆ ಕೊಟ್ಟ ಒಂದು ಮಾತನ್ನು ಮಾತ್ರ ನಡೆಸಿಕೊಡಲಾಗದೆ, ಅದನ್ನು ಹೊತ್ತುಕೊಂಡೇ ಏಳು ಸಮುದ್ರ ದಾಟಿ, ಮಧ್ಯಾಹ್ನವೇ ಸೂರ್ಯ ಮಲಗಿಬಿಡುವ ದೇಶಕ್ಕೆ ಹೋದರಂತೆ.

ಕಥೆಯಲ್ಲಿ ಹೀಗೆ. ಲೆಕ್ಕಕ್ಕೆ ಹಿಡಿದರೆ ಸಮುದ್ರ ಏಳಿಲ್ಲ, ವಿಮಾನ ಎರಡು, ದೇಶ ಸ್ವೀಡನ್, ವೀಸಾ ತೊಂಬತ್ತು ದಿನದ್ದು. ನ್ಯಾಯಮೂರ್ತಿಗಳ ಹೆಸರು ರಾಜಗೋಪಾಲ, ಹೆಂಡತಿ ಭಾನುಮತಿ. ಮಾತಿಗೆ ಮೂವತ್ತೈದು ವರ್ಷವಾಗಿತ್ತು.

ಮಾತು ಕೊಟ್ಟಾಗ ಅವರಿನ್ನೂ ನ್ಯಾಯಮೂರ್ತಿಯಾಗಿರಲಿಲ್ಲ. ಬೆಂಗಳೂರಿನ ಗಾಂಧಿನಗರದಲ್ಲಿ ಒಂದು ಮಹಡಿಯ ಮೇಲೆ ಚೇಂಬರ್ ಇಟ್ಟುಕೊಂಡು ಕಕ್ಷಿದಾರರ ದಾರಿ ನೋಡುತ್ತಿದ್ದ ವಕೀಲರು. ಚೇಂಬರಿನ ಇನ್ನೊಂದು ಮೇಜು ಭಾನುಮತಿಯವರದು. ಇಬ್ಬರೂ ಒಂದೇ ವರ್ಷ ಸನ್ನದು ಪಡೆದವರು. ಹೊರಗಿನ ಬೋರ್ಡಿನಲ್ಲಿ ಇಬ್ಬರ ಹೆಸರೂ ಇತ್ತು. ಗಂಡನದು ಸ್ವಲ್ಪ ದಪ್ಪ ಅಕ್ಷರದಲ್ಲಿ, ಹೆಂಡತಿಯದು ಸ್ವಲ್ಪ ಸಣ್ಣದರಲ್ಲಿ. ಪೇಂಟರು ಹಾಗೆ ಬರೆದುಬಿಟ್ಟಿದ್ದ, ಯಾರೂ ಹೇಳಿರಲಿಲ್ಲ.

ಆ ಚೇಂಬರಿಗೆ ಒಂದು ದಿನ ಸಂಜೀವಮ್ಮ ಎಂಬ ವಿಧವೆ ಬಂದಳು. ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಂಟೆ ಬಾರಿಸಿದವಳು. ನಿವೃತ್ತಿಯ ಹೊತ್ತಿಗೆ ಆಡಳಿತ ಮಂಡಳಿಯವರು ಗಡಿಯಾರ ಹಿಡಿದು ಅಳೆದಿದ್ದರು: ದಿನಕ್ಕೆ ಒಂಬತ್ತು ಸಲ ಗಂಟೆ, ಒಂದೊಂದು ಸಲಕ್ಕೆ ಎರಡು ನಿಮಿಷ, ಒಟ್ಟು ಹದಿನೆಂಟು ನಿಮಿಷದ ಕೆಲಸ. ಹದಿನೆಂಟು ನಿಮಿಷದ ಕೆಲಸಕ್ಕೆ ಯಾವ ಪಿಂಚಣಿ ಎಂದು ಕೇಳಿದ್ದರು. ಪ್ರಶ್ನೆ ಎಷ್ಟು ಸಲೀಸಾಗಿತ್ತೆಂದರೆ ರಾಜಗೋಪಾಲರಿಗೂ ಉತ್ತರ ಹೊಳೆಯಲಿಲ್ಲ. ಅವರು ಫೈಲು ಮುಚ್ಚಿ ಇನ್ಯಾವುದೋ ಕೇಸಿಗೆ ತುಮಕೂರಿಗೆ ಹೋದರು.

ಭಾನುಮತಿ ಸಂಜೀವಮ್ಮನನ್ನು ಕೂರಿಸಿಕೊಂಡು, ಒಂದು ಗಂಟೆ ಬಾರಿಸಿ ಇನ್ನೊಂದು ಬಾರಿಸುವ ತನಕ ಏನು ಮಾಡ್ತೀಯಮ್ಮ ಎಂದು ಕೇಳಿದರು. ಗಡಿಯಾರ ನೋಡ್ತೀನವ್ವ, ಎದ್ದು ಹೋದ್ರೆ ಯಾರು ಬಾರಿಸ್ತಾರೆ ಎಂದಳು ಅವಳು. ಭಾನುಮತಿ ಫೈಲಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಟ್ಟರು: ‘ಇವಳ ಕೆಲಸ ಗಂಟೆ ಬಾರಿಸುವುದಲ್ಲ, ಗಂಟೆಗಾಗಿ ಕಾಯುವುದು, ಕಾಯುವುದೂ ಸೇವೆಯೇ.’

ರಾಜಗೋಪಾಲರು ಆ ಸಾಲನ್ನು ಹೈಕೋರ್ಟಿನಲ್ಲಿ ಎದ್ದು ನಿಂತು ಹೇಳಿದರು. ಪೀಠದಲ್ಲಿದ್ದ ಹಿರಿಯರು ಕನ್ನಡಕ ತೆಗೆದು, ಇದು ನಿಮ್ಮದೇ ವಾದವೇ ಎಂದು ಕೇಳಿದರು. ರಾಜಗೋಪಾಲರು, ‘ಹೌದು, ಮೈ ಲಾರ್ಡ್’ ಎಂದರು. ಹಿಂದಿನ ಬೆಂಚಿನಲ್ಲಿ ಭಾನುಮತಿ ಕೂತಿದ್ದರು. ಸಂಜೀವಮ್ಮ ಗೆದ್ದಳು. ತೀರ್ಪಿನಲ್ಲಿ ‘ವಿದ್ವಾಂಸ ವಕೀಲರಾದ ಶ್ರೀ ರಾಜಗೋಪಾಲ ಅವರು ಮನಮುಟ್ಟುವಂತೆ ಹೇಳಿದಂತೆ’ ಎಂದು ಆ ಸಾಲು ಅಚ್ಚಾಯಿತು.

ಮನೆಗೆ ಹೋಗುವಾಗ, ಸ್ಕೂಟರಿನ ಮುಂದೆ ಕೂತವರು ಹಿಂದೆ ಕೂತವರಿಗೆ ಮಾತು ಕೊಟ್ಟರು. ‘ತಪ್ಪಾಯ್ತು, ಭಾನು. ಬಾಯಿ ತಪ್ಪಿ ಬಂತು. ಸರಿಯಾದ ಸಂದರ್ಭ ನೋಡಿ, ಜನರ ಮುಂದೆ ನಾನೇ ಹೇಳ್ತೀನಿ, ಇದು ನಿನ್ನ ವಾದ ಅಂತ.’

ಸಂದರ್ಭಗಳು ಬಂದವು. ಬರಲಿಲ್ಲ ಎಂದು ಹೇಳುವ ಹಾಗಿಲ್ಲ.

ವಕೀಲರ ಸಂಘದವರು ಸನ್ಮಾನ ಮಾಡಿದರು. ಅಂದು ಮೈಕು ಕೆಟ್ಟಿತ್ತು. ‘ಗಂಟೆ ರಾಜಗೋಪಾಲ್’ ಎಂದು ಹೆಸರಾಯಿತು, ಕಕ್ಷಿದಾರರು ಮಹಡಿಯ ಮೆಟ್ಟಿಲ ಮೇಲೆ ಸಾಲುಗಟ್ಟಿದರು, ಐವತ್ತನೆಯ ವಯಸ್ಸಿಗೆ ರಾಜ್ಯದ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಗಂಡ ನ್ಯಾಯಮೂರ್ತಿಯಾಗಿರುವ ಕೋರ್ಟಿನಲ್ಲಿ ಹೆಂಡತಿ ವಕಾಲತ್ತು ಮಾಡಿದರೆ ನೋಡಿದವರು ಏನೆಂದುಕೊಂಡಾರು ಎಂದು ಭಾನುಮತಿಯವರ ಕಪ್ಪು ಗೌನನ್ನು ಒಗೆದು, ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟದ್ದಾಯಿತು. ಇದನ್ನು ಯಾರು ತೀರ್ಮಾನಿಸಿದರು ಎಂಬುದಕ್ಕೆ ದಾಖಲೆಯಿಲ್ಲ. ಸ್ವಾಗತ ಸಮಾರಂಭದ ಭಾಷಣದಲ್ಲಿ ರಾಜಗೋಪಾಲರು ನಾಲ್ಕನೆಯ ಪುಟದಲ್ಲಿ ಹೆಂಡತಿಯ ವಿಷಯ ಬರೆದುಕೊಂಡಿದ್ದರು. ಓದುವಾಗ ಮೂರರಿಂದ ಐದಕ್ಕೆ ಹೋದರು. ಕಾರಿನಲ್ಲಿ ಭಾನುಮತಿ, ಕೋರ್ಟಿನಲ್ಲಿ ಕೇಳುವ ಹಾಗೆಯೇ, ‘ಮುಂದಿನ ಡೇಟ್ ಯಾವಾಗ್ರೀ?’ ಎಂದು ಕೇಳಿದರು. ನಿವೃತ್ತಿ ದಿನ ಎಂದರು ಇವರು.

ಹನ್ನೆರಡು ವರ್ಷ ಕಳೆದು ನಿವೃತ್ತಿ ದಿನವೂ ಬಂತು. ಬೀಳ್ಕೊಡುಗೆಯಲ್ಲಿ ರಾಜಗೋಪಾಲರು ಡ್ರೈವರಿಗೆ, ದಫೇದಾರನಿಗೆ, ಲೈಬ್ರರಿಯವರಿಗೆ, ‘ಮನೆಯಲ್ಲಿ ನೆಮ್ಮದಿ ಕೊಟ್ಟ ನನ್ನ ಶ್ರೀಮತಿಗೆ’ ಕೃತಜ್ಞತೆ ಹೇಳಿದರು. ನಾಲ್ಕನೆಯ ಪುಟ ಜೇಬಿನಲ್ಲಿತ್ತು. ಭಾನುಮತಿ ಉಳಿದ ಶ್ರೀಮತಿಯರ ಜೊತೆ ಚಪ್ಪಾಳೆ ತಟ್ಟಿದರು. ಅವತ್ತು ಕಾರಿನಲ್ಲಿ ಅವರು ಡೇಟ್ ಕೇಳಲಿಲ್ಲ. ಆಮೇಲೆ ಎಂಟು ವರ್ಷ ಕೇಳಲಿಲ್ಲ. ಊಟಕ್ಕೆ ಕರೆದರು, ಮಾತ್ರೆ ಕೊಟ್ಟರು, ಮದುವೆ ಮುಂಜಿಗಳಿಗೆ ಜೊತೆಯಲ್ಲಿ ಹೋದರು. ಕಾನೂನಿನ ಒಂದು ಮಾತು ಆಡಲಿಲ್ಲ. ರಾಜಗೋಪಾಲರು ಪೇಪರಿನಲ್ಲಿ ಯಾವುದೋ ತೀರ್ಪು ಓದಿ, ಇದು ಸರಿಯಾ ನೋಡು ಎಂದರೆ, ‘ನಂಗೇನ್ ಗೊತ್ತಾಗುತ್ತೆ’ ಎಂದು ಎದ್ದು ಹೋಗುತ್ತಿದ್ದರು. ಆ ಮಾತು ಅವರಿಗೆ ಊಟದಲ್ಲಿ ಸಿಕ್ಕ ಕಲ್ಲಿನಂತಾಗುತ್ತಿತ್ತು.

ಹೇಳದೆ ಇರುವುದಕ್ಕೆ ರಾಜಗೋಪಾಲರಿಗೆ ಒಂದು ಕಾರಣವಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹನ್ನೆರಡು ವರ್ಷದಲ್ಲಿ ಸಾವಿರಾರು ಆದೇಶಗಳಿಗೆ ಸಹಿ ಹಾಕಿದ್ದರು. ಅವುಗಳಲ್ಲಿ ಒಂದೂ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ನೆನಪಿದ್ದುದು ಆ ಪೆನ್ಸಿಲಿನ ಸಾಲು. ಅದನ್ನು ವಾಪಸು ಕೊಟ್ಟುಬಿಟ್ಟರೆ ತಮ್ಮ ಬಳಿ ಉಳಿಯುವುದು ಏನೆಂದು ಅವರು ಕೂಡಿಸಿ ನೋಡಿದ್ದರು. ಒಂದು ಪೇಟವಿಲ್ಲದ ತಲೆ, ಸಕ್ಕರೆ ಕಾಯಿಲೆ.

ಮಗಳು ಪಾವನಾ ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ಅಳಿಯ ಸಂಕೇತ್ ಎಂಜಿನಿಯರು, ಮೊಮ್ಮಗಳು ಅಹನಾಗೆ ಒಂಬತ್ತು ವರ್ಷ. ಗಂಡ ಹೆಂಡತಿ ಬಂದಿಳಿದದ್ದು ಅವರ ಮೂರನೆಯ ಮಹಡಿಯ ಮನೆಗೆ. ಕಿಟಕಿಯಿಂದ ವೆಟ್ಟರ್ನ್ ಸರೋವರದ ಒಂದು ತುಂಡು ಕಾಣುತ್ತಿತ್ತು. ರಾಜಗೋಪಾಲರಿಗೆ ಕೆಲಸವಿರಲಿಲ್ಲ. ಬಾಗಿಲು ತೆರೆಯುವವರಿಲ್ಲ, ಎದ್ದು ನಿಲ್ಲುವವರಿಲ್ಲ. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಾಗ ಅವರು ಗಂಭೀರವಾಗಿ ತಲೆಯಾಡಿಸಿ ಕೂತರು. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದು ಹೋದಳು.

ಅಕ್ಟೋಬರಿನಲ್ಲಿ ಕನ್ನಡ ಬಳಗದ ಮಹೇಶ ಮನೆಗೆ ಬಂದ. ನವೆಂಬರಿನ ಮೂರನೆಯ ಶನಿವಾರ ರಾಜ್ಯೋತ್ಸವ, ಇಲ್ಲಿಯ ನಗರಸಭೆಯಾದ ಕೊಮ್ಯೂನಿನ ಹಾಲ್ ಬುಕ್ ಆಗಿದೆ, ಸಾರೇ ಮುಖ್ಯ ಅತಿಥಿ ಎಂದ. ಸಾರ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಎಲ್ಲ ಓದಿಕೊಂಡು ಬಂದಿದ್ದ.

‘ಸಾರ್, ಜಾಸ್ತಿ ಏನೂ ಬೇಡ. ಆ ಬೆಲ್ ಕೇಸ್ ಬಗ್ಗೆ ಮಾತಾಡಿಬಿಡಿ. ವೇಟಿಂಗ್ ಈಸ್ ಆಲ್ಸೋ ವರ್ಕ್ ಅಂತ ಹೇಳಿದ್ರಲ್ಲ, ಸಖತ್ತಾಗಿದೆ ಸಾರ್ ಅದು.’

ಹುರುಳಿಕಾಯಿ ಹೆಚ್ಚುತ್ತಿದ್ದ ಭಾನುಮತಿ ತಲೆಯೆತ್ತಿದರು. ‘ಡೇಟ್ ಸಿಕ್ತು ಅನ್ಸುತ್ತೆ’ ಎಂದರು.

ಎಂಟು ವರ್ಷದ ಮೇಲೆ ಬಂದ ಮಾತು. ರಾಜಗೋಪಾಲರು ಮಹೇಶ ಹೋಗುವ ತನಕ ತಡೆದು, ‘ಈ ಸಲ ಹೇಳ್ತೀನಿ, ಭಾನು’ ಎಂದರು.

‘ಕೊನೇ ಅವಕಾಶ ಅಂತ ಬರ್ಕೊಳ್ಳಿ’ ಎಂದರು ಭಾನುಮತಿ. ‘ಇದಾದ್ಮೇಲೆ ನಾನು ಕೇಸ್ ವಾಪಸ್ ತಗೊತೀನಿ. ಮತ್ತೆ ನೀವು ಹೇಳ್ಬೇಕು ಅಂದ್ರೂ ನಾನು ಕೇಳಲ್ಲ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ರಾಜಗೋಪಾಲರಿಗೆ ಭಯವಾಯಿತು.

ಈ ಮಧ್ಯೆ ಕೆಳಗಿನ ಮನೆಯ ಗುನೆಲ್ ಪರಿಚಯವಾಗಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಬೇಯಿಸಿ ನಿವೃತ್ತಳಾದವಳು. ಬಟ್ಟೆ ಒಗೆಯುವ ಕೋಣೆಯಲ್ಲಿ ಭಾನುಮತಿಯವರ ಜೊತೆ ಸ್ನೇಹ ಬೆಳೆಸಿದ್ದಳು. ಅವಳು ಕೋರ್ಟಿನಲ್ಲಿ ನ್ಯಾಯ ಹೇಳುತ್ತಾಳೆ ಎಂದು ಸಂಕೇತ್ ಹೇಳಿದಾಗ ರಾಜಗೋಪಾಲರು, ಕೋರ್ಟಿನಲ್ಲಿ ಅಡುಗೆ ಮಾಡುತ್ತಾಳೆ ಎನ್ನು ಎಂದು ತಿದ್ದಿದರು. ಸಂಕೇತ್ ವಿವರಿಸಿದ: ಇಲ್ಲಿ ಕೆಳಗಿನ ಕೋರ್ಟಿನಲ್ಲಿ ಕಾನೂನು ಓದಿದ ಜಡ್ಜ್ ಒಬ್ಬರು, ಪಕ್ಕದಲ್ಲಿ ಮೂವರು ಸಾಮಾನ್ಯ ಜನ, ನಾಲ್ವರದೂ ಒಂದೊಂದು ಓಟು, ತೂಕ ಒಂದೇ. ರಾಜಗೋಪಾಲರು ಇದನ್ನು ನೋಡಿಯೇ ನಂಬುವುದಾಗಿ ಹೇಳಿದರು.

ನೋಡಿದರು. ಸಂಕೇತ್ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ಕೂತು ಪಿಸುಗುಟ್ಟುತ್ತ ಅನುವಾದ ಮಾಡಿದ. ಜಡ್ಜ್ ಗೌನು ಹಾಕಿರಲಿಲ್ಲ, ನೀಲಿ ಸ್ವೆಟರು. ಅವರ ಪಕ್ಕದಲ್ಲಿ ಗುನೆಲ್, ಕೈಯಲ್ಲಿ ಹೆಣೆದ ಉಣ್ಣೆಯ ಕೋಟಿನಲ್ಲಿ. ಒಬ್ಬ ಮನುಷ್ಯ ಇನ್ನೊಬ್ಬನ ದೋಣಿಯ ಎಂಜಿನ್ ಕದ್ದಿದ್ದನಂತೆ. ಸಾಕ್ಷಿಯೊಬ್ಬ ಬಂದು ಪ್ರಮಾಣ ಮಾಡಿ, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ, ಕೇಳಿದ ಪ್ರಶ್ನೆಗೆ ಉತ್ತರಿಸಿ ಹೋದ. ಎಲ್ಲರನ್ನೂ ಹೊರಗೆ ಕಳಿಸಿದರು. ಅರ್ಧ ಗಂಟೆಯಲ್ಲಿ ಒಳಗೆ ಕರೆದು ತೀರ್ಪು ಹೇಳಿಬಿಟ್ಟರು.

‘ತೀರ್ಪು ಮುಂದಕ್ಕೆ ರಿಸರ್ವ್ ಮಾಡ್ಲಿಲ್ವಾ?’ ಎಂದು ರಾಜಗೋಪಾಲರು ಕೇಳಿದರು.

‘ಯಾಕ್ ಮಾವ, ಎಲ್ಲಾ ಕೇಳಿ ಆಯ್ತಲ್ಲ’ ಎಂದ ಸಂಕೇತ್.

ಅದೇ ವಾರ ಗುನೆಲ್ ಫೀಕಾಗೆ ಕರೆದಳು. ಕಾಫಿ, ಏಲಕ್ಕಿ ಬನ್ನು, ಮೇಣದ ಬತ್ತಿ. ನಿವೃತ್ತಿಗೆ ಮುಂಚೆ ಏನು ಮಾಡುತ್ತಿದ್ದಿರಿ ಎಂದು ಅವಳು ಭಾನುಮತಿಯವರನ್ನು ಕೇಳಿದಳು. ರಾಜಗೋಪಾಲರು ಬನ್ನು ಮುರಿಯುತ್ತಿದ್ದವರು ನಿಲ್ಲಿಸಿದರು. ಇಪ್ಪತ್ತು ವರ್ಷದಿಂದ ಹೆಂಡತಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅವರಿಗೆ ನೆನಪಿರಲಿಲ್ಲ. ಭಾನುಮತಿ ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ವಕೀಲೆಯಾಗಿದ್ದೆ ಎಂದರು; ಸಂಜೀವಮ್ಮನ ಕಥೆ ಹೇಳಿದರು; ಪೆನ್ಸಿಲಿನ ಸಾಲಿನ ತನಕ ಹೇಳಿ, ಅಲ್ಲಿಂದ ಮುಂದಿನದನ್ನೂ ಹೇಳಿದರು. ಏನನ್ನೂ ಸೇರಿಸಲಿಲ್ಲ, ಬಿಡಲಿಲ್ಲ.

ಗುನೆಲ್ ರಾಜಗೋಪಾಲರ ಕಡೆ ತಿರುಗಿ, ಎರಡೂ ಕಡೆ ಕೇಳುವುದು ತನಗೆ ಅಭ್ಯಾಸ, ಇದು ನಿಜವೇ ಎಂದಳು. ರಾಜಗೋಪಾಲರು ಬೆನ್ನು ನೇರ ಮಾಡಿದರು. ಈ ಪ್ರಕರಣದಲ್ಲಿ ನಾನೇ ಒಬ್ಬ ಕಕ್ಷಿದಾರ, ತನ್ನದೇ ಪ್ರಕರಣದಲ್ಲಿ ಯಾರೂ ನ್ಯಾಯಾಧೀಶನಾಗುವಂತಿಲ್ಲ, ಆದ್ದರಿಂದ ತೀರ್ಪು ಹೇಳಲಾರೆ ಎಂದರು. ಉತ್ತರ ಅವರಿಗೇ ಮೆಚ್ಚಿಗೆಯಾಯಿತು. ಗುನೆಲ್ ಅದನ್ನು ನಗದೆ ಕೇಳಿಸಿಕೊಂಡಳು. ಅವಳ ಕೋರ್ಟಿನಲ್ಲೂ ಆ ನಿಯಮವಿತ್ತು. ಯೋಚನೆ ಮಾಡುತ್ತೇನೆ ಎಂದು ಇನ್ನೊಂದು ಬನ್ನು ಬಡಿಸಿದಳು.

ರಾಜ್ಯೋತ್ಸವದ ದಿನ ಹಾಲಿನಲ್ಲಿ ಅರವತ್ತು ಜನ. ಹಳದಿ ಕೆಂಪು ಬಲೂನು, ಬಿಸಿಬೇಳೆಬಾತು, ಮಕ್ಕಳ ನೃತ್ಯ. ಮಕ್ಕಳು ವೇದಿಕೆಯ ಮೇಲೆ ಕನ್ನಡದಲ್ಲಿ ಕುಣಿದು, ಇಳಿದು ಬಂದು ಸ್ವೀಡಿಷಿನಲ್ಲಿ ಜಗಳವಾಡಿದರು. ಗುನೆಲ್ ಎರಡನೆಯ ಸಾಲಿನಲ್ಲಿ, ಭಾನುಮತಿ ಕೊಟ್ಟ ಶಾಲು ಹೊದ್ದು ಕೂತಿದ್ದಳು. ಮಹೇಶ ಅತಿಥಿಗಳನ್ನು ಪರಿಚಯಿಸುತ್ತ ಪೆನ್ಸಿಲಿನ ಸಾಲನ್ನು ಎರಡು ಸಲ ಹೇಳಿದ. ಜನ ಎರಡು ಸಲವೂ ಚಪ್ಪಾಳೆ ತಟ್ಟಿದರು.

ರಾಜಗೋಪಾಲರು ಓದತೊಡಗಿದರು. ಮೊದಲ ಪುಟ ನಾಡು, ಎರಡನೆಯದು ನುಡಿ, ಮೂರನೆಯದು ನ್ಯಾಯ. ನಾಲ್ಕನೆಯದರ ಮೊದಲ ಪದ ‘ಭಾನುಮತಿ’. ಅದು ಅವರಿಗೆ ಕಂಡಿತು. ಅದೇ ಹೊತ್ತಿಗೆ ಮಹೇಶ ಒಂದು ಚೀಟಿ ತಂದಿಟ್ಟ: ಐದು ನಿಮಿಷ ಸಾರ್, ಐದಕ್ಕೆ ಹಾಲ್ ಖಾಲಿ ಮಾಡ್ಬೇಕು. ಬೆರಳಿಗೆ ಮೊದಲಿನಿಂದ ಅಭ್ಯಾಸವಾಗಿತ್ತು. ಅದು ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿತು. ‘ಕೊನೆಯದಾಗಿ’ ಎಂದು ಐದನೆಯ ಪುಟ ಶುರುವಾಯಿತು.

ಮೊದಲ ಸಾಲಿನಲ್ಲಿ ಭಾನುಮತಿ ಚಪ್ಪಾಳೆ ತಟ್ಟಲಿಲ್ಲ. ಕೈಚೀಲದ ಜಿಪ್ ಎಳೆದರು, ಎದ್ದು ಹೋಗಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

ಆ ದೇಶದಲ್ಲಿ ಹಾಲ್ ಬಾಡಿಗೆಗೆ ಹಿಡಿದವರೇ ಗುಡಿಸಿ ಒರೆಸಿ ಕೊಡಬೇಕು. ಮುಖ್ಯ ಅತಿಥಿಗಳಿಗೆ ವಿನಾಯಿತಿ ಇದೆಯೆಂದು ಎಲ್ಲೂ ಬರೆದಿರಲಿಲ್ಲ. ಅರ್ಧ ಜನ ಮಕ್ಕಳನ್ನೆತ್ತಿಕೊಂಡು ಹೊರಟರು, ಉಳಿದ ಇಪ್ಪತ್ತೈದು ಮೂವತ್ತು ಜನ ಪೊರಕೆ, ಬಕೆಟ್ಟು ಹಿಡಿದರು. ಯಾರೋ ರಾಜಗೋಪಾಲರ ಕೈಗೂ ಒಂದು ಮಾಪ್ ಕೊಟ್ಟರು. ಸನ್ಮಾನದ ರೇಷ್ಮೆ ಶಲ್ಯ, ಮೈಸೂರು ಪೇಟ, ಮಾಪ್. ಅವರು ವೇದಿಕೆಯ ಮುಂದಿನ ಬಿಸಿಬೇಳೆಬಾತಿನ ಕಲೆಯನ್ನು ಒರೆಸುತ್ತ ಹೆಂಡತಿಯ ಬೆನ್ನು ನೋಡುತ್ತಿದ್ದರು. ಆ ಬೆನ್ನಿನಲ್ಲಿ ಕೇಸು ವಾಪಸಾಗಿತ್ತು. ಇನ್ನು ಇವಳು ಊಟಕ್ಕೆ ಕರೆಯುತ್ತಾಳೆ, ಮಾತ್ರೆ ಕೊಡುತ್ತಾಳೆ ಎಂದು ಅವರಿಗೆ ಹೊಳೆಯಿತು. ಸಾಯುವ ತನಕ ಅಷ್ಟೇ ಮಾಡುತ್ತಾಳೆ.

ಗುನೆಲ್ ಅಹನಾಳ ಕೈ ಹಿಡಿದುಕೊಂಡು ಬಂದು ನಿಂತಳು. ಮೊಮ್ಮಗಳು ಭಾಷಣವನ್ನು ಅವಳಿಗೆ ಅನುವಾದಿಸಿದ್ದಳು; ಅದರಲ್ಲಿ ಆ ವಿಷಯವಿರಲಿಲ್ಲ ಎಂಬುದು ಗುನೆಲ್‌ಗೆ ತಿಳಿದಿತ್ತು. ನೀವು ಹೇಳಿದ್ದನ್ನು ಎರಡು ವಾರ ಯೋಚಿಸಿದೆ ಎಂದಳು ಇಂಗ್ಲಿಷಿನಲ್ಲಿ. ನೀವು ಹೇಳಿದ್ದು ಸರಿ. ನಿಮ್ಮ ಪ್ರಕರಣದಲ್ಲಿ ನೀವು ತೀರ್ಪು ಹೇಳುವಂತಿಲ್ಲ.

ರಾಜಗೋಪಾಲರು ತಲೆಯಾಡಿಸಿದರು.

‘ಆದರೆ ತೀರ್ಪನ್ನು ನಿಮ್ಮಿಂದ ಯಾರೂ ಕೇಳಿಲ್ಲ’ ಎಂದಳು ಅವಳು. ‘ಅವತ್ತು ಅಲ್ಲಿದ್ದವರು ನೀವು. ನೀವು ಸಾಕ್ಷಿ. ಸಾಕ್ಷಿಯ ಕುರ್ಚಿಯಲ್ಲಿ ಕೂತು ನಡೆದದ್ದು ಹೇಳಿ, ಸಾಕು.’

ಎತ್ತರದ ಕುರ್ಚಿಯಲ್ಲಿ ಹನ್ನೆರಡು ವರ್ಷ ಕೂತವರಿಗೆ ಕೆಳಗಿನ ಕುರ್ಚಿಯೊಂದಿದೆ ಎಂಬುದು ಮರೆತೇಹೋಗಿತ್ತು. ಆ ಕುರ್ಚಿಯಲ್ಲಿ ಕೂತವನು ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ, ಏನನ್ನೂ ಉಳಿಸಿಕೊಳ್ಳಬೇಕಾಗಿಲ್ಲ, ಹೌದು ಅಥವಾ ಇಲ್ಲ ಎಂದರೆ ಕೆಲಸ ಮುಗಿಯಿತು. ಜೋಡಿಸಿಟ್ಟ ಕುರ್ಚಿಗಳಲ್ಲಿ ಒಂದನ್ನು ಅವರು ಕೆಳಗಿಳಿಸಿದರು, ಹಾಲಿನ ನಡುವೆ ಇಟ್ಟು ಕೂತರು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಾಪ್ ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

‘ಒಂದು ನಿಮಿಷ ಎಲ್ಲರೂ ಇಲ್ಲಿ ಕೇಳಿ’ ಎಂದರು. ‘ನಾನು ಪ್ರಮಾಣ ಮಾಡಿ ಹೇಳ್ತಿದೀನಿ.’

ಪೊರಕೆಗಳು ನಿಂತವು. ಪಾವನಾ ಅಡುಗೆ ಕಡೆಯಿಂದ ಒದ್ದೆ ಕೈಯಲ್ಲಿ ಬಂದು, ‘ಅಪ್ಪ, ಹುಷಾರಾಗಿದೀರಾ?’ ಎಂದಳು. ಹುಷಾರಾಗಿದ್ದೇನೆ ಎಂದು ಹೇಳಿ, ಅವರು ಸಂಜೀವಮ್ಮನ ಹೆಸರಿನಿಂದ ಶುರು ಮಾಡಿದರು. ಎರಡು ವಾಕ್ಯ ಆಗುವಷ್ಟರಲ್ಲಿ ದನಿ ಹಳೆಯ ಜಾಡು ಹಿಡಿದು, ‘ವಾದದ ಮೂಲದ ಬಗ್ಗೆ ಹಲವು ಅಭಿಪ್ರಾಯಗಳು ಇರಬಹುದಾದರೂ’ ಎಂಬಲ್ಲಿಗೆ ಹೋಗಿ ನಿಂತಿತು.

ಭಾನುಮತಿ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. ಸೀರೆಯ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಎದುರಿಗೆ ಬಂದು ನಿಂತರು. ಟ್ರಂಕು ಬೆಂಗಳೂರಿನಲ್ಲಿತ್ತು, ಗೌನು ಟ್ರಂಕಿನಲ್ಲಿತ್ತು. ಅದಿಲ್ಲದೆ ಪಾಟೀಸವಾಲು ಶುರುವಾಯಿತು.

‘ಅಭಿಪ್ರಾಯ ಬೇಡ. ಸಾಕ್ಷಿದಾರರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ಲಿ. ಸಂಜೀವಮ್ಮನ್ನ ಚೇಂಬರಲ್ಲಿ ಕೂರಿಸ್ಕೊಂಡು ಮಾತಾಡಿಸಿದಾಗ ನೀವು ಎಲ್ಲಿದ್ರಿ?’

‘ತುಮಕೂರಲ್ಲಿ.’

‘ಅವಳ ಹತ್ರ ಮಾತಾಡಿದ್ದು ಯಾರು?’

‘ನೀನು.’

‘ಫೈಲಿನ ಹಿಂದೆ ಪೆನ್ಸಿಲಲ್ಲಿ ಬರೆದಿದ್ದ ಅಕ್ಷರ ಯಾರದು?’

‘ನಿಂದು.’

‘ಇದು ನಿಮ್ಮದೇ ವಾದವೇ ಅಂತ ಪೀಠ ಕೇಳಿದಾಗ ನೀವು ಏನಂದ್ರಿ?’

‘ಹೌದು ಅಂದೆ.’

‘ಅದು ನಿಜವಾ?’

ರಾಜಗೋಪಾಲರು ಮಾಪಿನ ಕೋಲನ್ನು ಗಟ್ಟಿಯಾಗಿ ಹಿಡಿದರು. ‘ಅಲ್ಲ.’

ಮಹೇಶನ ಕೈಯಲ್ಲಿದ್ದ ಬಲೂನೊಂದು ನಿಧಾನಕ್ಕೆ ಗಾಳಿ ಬಿಡುತ್ತಿತ್ತು. ಅವನು ಅದರ ಬಾಯಿಯನ್ನು ಬೆರಳಲ್ಲಿ ಮುಚ್ಚಿದ.

‘ಸ್ವಾಗತ ಸಮಾರಂಭದಲ್ಲಿ, ಬೀಳ್ಕೊಡುಗೇಲಿ, ಇವತ್ತು ಅರ್ಧ ಗಂಟೆ ಮುಂಚೆ, ನಾಲ್ಕನೇ ಪುಟ ಇತ್ತಾ, ಇರಲಿಲ್ವಾ?’

‘ಮೂರೂ ಸಲ ಇತ್ತು.’

‘ಓದಿದ್ರಾ?’

‘ಇಲ್ಲ.’

‘ಯಾಕೆ?’

ಇದು ಕೇಳಬಾರದ ಪ್ರಶ್ನೆ ಎಂದು ಇಬ್ಬರಿಗೂ ಗೊತ್ತಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಯಾವ ವಕೀಲರೂ ಕೇಳುವುದಿಲ್ಲ. ಭಾನುಮತಿ ಕೇಳಿ ಕಾದರು.

‘ನನ್ನ ಹತ್ರ ಇನ್ನೇನೂ ಇರಲಿಲ್ಲ, ಭಾನು’ ಎಂದರು ರಾಜಗೋಪಾಲರು. ‘ಅದೊಂದೇ ಇತ್ತು. ಅದೂ ನಿಂದಾಗಿತ್ತು.’

ಭಾನುಮತಿ ಸೆರಗನ್ನು ಮತ್ತೊಮ್ಮೆ ಸರಿ ಮಾಡಿಕೊಂಡರು. ಆಮೇಲೆ, ದಾಖಲೆಗೆ ಬರಬೇಕಾದದ್ದು ಇನ್ನೂ ಬಂದಿಲ್ಲ ಎಂಬಂತೆ, ‘ಸಂಜೀವಮ್ಮನ ಕೇಸಿನ ವಾದ ಯಾರದು? ಸಾಕ್ಷಿದಾರರು ನೀನು ತಾನು ಅನ್ನದೆ ಹೆಸರು ಹೇಳ್ಲಿ’ ಎಂದರು.

ರಾಜಗೋಪಾಲರು ಎದ್ದು ನಿಂತರು. ವಕೀಲರ ಮುಂದೆ ಅವರು ಎದ್ದು ನಿಂತು ಇಪ್ಪತ್ತು ವರ್ಷವಾಗಿತ್ತು.

‘ವಕೀಲರಾದ ಶ್ರೀಮತಿ ಭಾನುಮತಿ ಅವರದು’ ಎಂದರು. ‘ನನ್ನದಲ್ಲ.’

ಗುನೆಲ್ ಬಗ್ಗಿ ಅಹನಾಳ ಕಿವಿಯಲ್ಲಿ, ಏನಂದರು ಎಂದು ಕೇಳಿದಳು. ಅಹನಾ ಅದನ್ನು ಸ್ವೀಡಿಷಿನಲ್ಲಿ ಹೇಳಿದಳು. ನಾಲ್ಕೈದು ಪದ ಸಾಕಾಯಿತು.